ಆಶೀರ್ವಾದ ಹೇಳಿದ ಮೇಲೆ ಆರಂಭವಾಗುವ ಕೆಲಸ: ಹೊಸ ಸಭಾಪಾಲಕರಿಗೆ

ಚರ್ಚಿನಲ್ಲಿ ಭಾನುವಾರದ ಆರಾಧನೆ ಮುಗಿದು ಆಶೀರ್ವಾದ ಹೇಳಿದ ಕೂಡಲೇ ಸಭಾಪಾಲಕರ (ಪಾದ್ರಿಗಳ) ಸುತ್ತ ನಾಲ್ಕು ಜನ ಸೇರುತ್ತಾರೆ. ಒಬ್ಬರಿಗೆ ಆಸ್ಪತ್ರೆಯಲ್ಲಿರುವ ತಾಯಿಗಾಗಿ ಪ್ರಾರ್ಥನೆ ಬೇಕಾಗಿರುತ್ತದೆ. ಇನ್ನೊಬ್ಬರು ಗಾಯನ ಮಂಡಳಿಯಿಂದ ತಮ್ಮ ಮಗಳನ್ನು ಕೈಬಿಟ್ಟ ದೂರು ತಂದಿರುತ್ತಾರೆ. ಮೂರನೆಯವರು ಚಾವಣಿ ಸೋರುವುದನ್ನು ನೆನಪಿಸುತ್ತಾರೆ. ನಾಲ್ಕನೆಯವರು ಏನೂ ಹೇಳದೆ ಸ್ವಲ್ಪ ದೂರದಲ್ಲಿ ನಿಂತಿರುತ್ತಾರೆ. ಮೊದಲ ಮೂವರ ಹೆಸರನ್ನೂ ವಿಷಯವನ್ನೂ ಕಿಸೆಯ ಪುಸ್ತಕದಲ್ಲಿ ಅವರೆದುರೇ ಬರೆದುಕೊಂಡು, ಯಾವ ದಿನ ಮಾತನಾಡುತ್ತೇವೆಂದು ಹೇಳಿ, ಆ ನಾಲ್ಕನೆಯವರ ಬಳಿಗೆ ಹೋಗಿರಿ. ಸುಮ್ಮನೆ ನಿಂತವರ ಅಗತ್ಯವೇ ಸಾಮಾನ್ಯವಾಗಿ ಹೆಚ್ಚು ತುರ್ತಿನದು ಎಂಬುದು ನನ್ನ ಅನುಭವ.

ಈ ಎಲ್ಲ ಹೊರೆಯನ್ನೂ ಒಬ್ಬರೇ ಹೊರುವುದು ಭಕ್ತಿಯ ಗುರುತೆಂದು ಭಾವಿಸುವವರು ಬೇಗನೆ ಬಳಲುತ್ತಾರೆ, ಅವರೊಂದಿಗೆ ಸಭೆಯೂ, ಅಂದರೆ ಚರ್ಚಿನ ಜನಸಮುದಾಯವೂ, ಬಳಲುತ್ತದೆ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರಿಗೆ ನ್ಯಾಯ ತೀರಿಸುತ್ತಿದ್ದ ಇಸ್ರಾಯೇಲ್ಯರ ನಾಯಕ ಮೋಶೆಗೆ ಅವನ ಮಾವ ಇತ್ರೋ ಹೇಳಿದ್ದು ಇದನ್ನೇ. ಸಾವಿರ, ನೂರು, ಐವತ್ತು ಮತ್ತು ಹತ್ತು ಮಂದಿಯ ಮೇಲೆ ಮುಖ್ಯಸ್ಥರನ್ನು ನೇಮಿಸುವ ಏರ್ಪಾಡು ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿದೆ. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯವಂತೂ ಇನ್ನೂ ಸೂಕ್ಷ್ಮವಾದ ಪಾಠ ಕಲಿಸುತ್ತದೆ. ದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಭಾಷೆಯ ಯೆಹೂದ್ಯರು ಗೊಣಗಿದಾಗ, ಯೇಸುವಿನ ಶಿಷ್ಯರಾದ ಅಪೊಸ್ತಲರು ದೂರನ್ನು ತಳ್ಳಿಹಾಕಲಿಲ್ಲ, ತಾವೇ ಬಡಿಸಲು ನಿಲ್ಲಲೂ ಇಲ್ಲ. ಏಳು ಮಂದಿಯನ್ನು ಆರಿಸಿಕೊಳ್ಳುವಂತೆ ಸಭೆಗೇ ಹೇಳಿದರು. ಆರಿಸಲ್ಪಟ್ಟ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ ಎಂಬುದನ್ನು ಗಮನಿಸಿರಿ. ಕೆಲಸ ಹಂಚುವಾಗ ನಿಮಗೆ ಹಿಡಿಸಿದವರನ್ನಷ್ಟೇ ಅಲ್ಲ, ನೊಂದವರು ನಂಬುವವರನ್ನೂ ಹುಡುಕಬೇಕು. ಹಂಚಿದ ಮೇಲೆ ಅವರು ನಿಮ್ಮಷ್ಟು ಚೆನ್ನಾಗಿ ಮಾಡದಿದ್ದರೂ ಕೆಲಸವನ್ನು ಹಿಂದಕ್ಕೆ ಕಸಿದುಕೊಳ್ಳಬಾರದು.

ಹಣದ ವಿಷಯದಲ್ಲಿ ಒಂಟಿತನ ಇನ್ನೂ ಅಪಾಯಕಾರಿ. ಪ್ರಾಮಾಣಿಕರಾದ ಸಭಾಪಾಲಕರ ಮೇಲೂ ಸಂಶಯ ಬೀಳುವುದು ಅವರು ಕದ್ದದ್ದಕ್ಕಲ್ಲ, ಲೆಕ್ಕ ತೋರಿಸಲಾಗದ್ದಕ್ಕೆ. ಆದುದರಿಂದ ಕಾಣಿಕೆಯ ಚೀಲವನ್ನು ನೀವು ಮುಟ್ಟದಿರುವುದೇ ಲೇಸು. ಆರಾಧನೆ ಮುಗಿದ ಮೇಲೆ ಬಾಗಿಲು ತೆರೆದಿರುವ ಕೋಣೆಯ ಮೇಜಿನ ಮೇಲೆ ಚೀಲ ಸುರಿಯಲಿ. ಒಂದೇ ಕುಟುಂಬಕ್ಕೆ ಸೇರದ ಇಬ್ಬರು ನೋಟುಗಳನ್ನು ಮೌಲ್ಯದ ಪ್ರಕಾರ ಬೇರ್ಪಡಿಸಿ, ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಮರಳಿ ಎಣಿಸಲಿ. ಪುಟಸಂಖ್ಯೆ ಅಚ್ಚಾಗಿರುವ, ಹೊಲಿಗೆ ಹಾಕಿದ ಪುಸ್ತಕದಲ್ಲಿ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಇಬ್ಬರೂ ಸಹಿ ಹಾಕಲಿ. ತಪ್ಪಾದ ಅಂಕಿಯ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯಬೇಕೇ ಹೊರತು ಅಳಿಸಬಾರದು. ಹಣ ಪೂರ್ತಿಯಾಗಿ ಬ್ಯಾಂಕಿಗೆ ಹೋಗಲಿ, ಖರ್ಚೆಲ್ಲ ಅಲ್ಲಿಂದಲೇ ಇಬ್ಬರ ಸಹಿಯೊಂದಿಗೆ ಬರಲಿ. ಚಾವಣಿಗೆಂದು ಕೊಟ್ಟ ಹಣವನ್ನು, ಎಷ್ಟೇ ಇಕ್ಕಟ್ಟಿದ್ದರೂ, ಸಂಬಳಕ್ಕೆ ತಿರುಗಿಸಬಾರದು. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಧರ್ಮದ್ರವ್ಯವನ್ನು ಅಪೊಸ್ತಲ ಪೌಲನು ಒಬ್ಬನೇ ಒಯ್ಯಲಿಲ್ಲ. ಸಭೆಗಳು ನೇಮಿಸಿದ ಸಹೋದರನನ್ನು ಜೊತೆಗಿಟ್ಟುಕೊಂಡನು. ಕರ್ತನ ದೃಷ್ಟಿಯಲ್ಲಿ ಮಾತ್ರವಲ್ಲದೆ ಮನುಷ್ಯರ ದೃಷ್ಟಿಯಲ್ಲಿಯೂ ಸರಿಯಾಗಿರಬೇಕೆಂಬ ಅವನ ಕಾಳಜಿಯನ್ನು ಕೊರಿಂಥದ ಸಭೆಗೆ ಅವನು ಬರೆದ ಎರಡನೆಯ ಪತ್ರದ 8ನೇ ಅಧ್ಯಾಯದಲ್ಲಿ ಕಾಣಬಹುದು.

ಮನಸ್ತಾಪಗಳಿಲ್ಲದ ಸಭೆ ಇಲ್ಲ. ಯಾರಾದರೂ ಮತ್ತೊಬ್ಬರ ಮೇಲೆ ದೂರು ತಂದಾಗ ಪೂರ್ತಿ ಕೇಳಿರಿ. ಆದರೆ ತೀರ್ಪು ಕೊಡುವ ಮೊದಲು ‘ಈ ಮಾತನ್ನು ಅವರಿಗೇ ಹೇಳಿದ್ದೀರಾ?’ ಎಂದು ವಿಚಾರಿಸಿರಿ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದ ಕ್ರಮ ಸ್ಪಷ್ಟವಾಗಿದೆ: ಮೊದಲು ಇಬ್ಬರೇ ಇರುವಾಗ, ಆಮೇಲೆ ಒಬ್ಬಿಬ್ಬರು ಸಾಕ್ಷಿಗಳೊಂದಿಗೆ, ಕೊನೆಗೆ ಸಭೆಯ ಮುಂದೆ. ನಾವು ಮಾಡುವ ತಪ್ಪೆಂದರೆ ಮೂರನೆಯ ಮೆಟ್ಟಿಲಿನಿಂದ ಆರಂಭಿಸುವುದು, ಅದೂ ಪ್ರಸಂಗದಲ್ಲಿ (ಆರಾಧನೆಯ ಬೋಧನೆಯಲ್ಲಿ) ಹೆಸರು ಹೇಳದೆ ಚುಚ್ಚುವುದು. ಯಾರನ್ನು ಕುರಿತ ಮಾತೆಂದು ಸಭೆಗೆಲ್ಲ ತಿಳಿಯುತ್ತದೆ, ಉತ್ತರಿಸುವ ಅವಕಾಶ ಮಾತ್ರ ಅವರಿಗಿರುವುದಿಲ್ಲ. ಆದರೆ ಹೊಡೆತ, ಬೆದರಿಕೆ ಅಥವಾ ಲೈಂಗಿಕ ದೌರ್ಜನ್ಯದ ದೂರಿಗೆ ಈ ಕ್ರಮವನ್ನು ಅನ್ವಯಿಸಲೇಬಾರದು. ನೊಂದವರನ್ನು ದೌರ್ಜನ್ಯ ಮಾಡಿದವರ ಎದುರಿಗೆ ಕಳುಹಿಸುವುದು ಕ್ರೌರ್ಯ. ಅವರನ್ನು ಸುರಕ್ಷಿತವಾಗಿರಿಸಿ, ಕಾನೂನಿನ ನೆರವು ಸಿಗುವಂತೆ ಮಾಡಬೇಕು. ಸಭೆಯ ಮಾನದ ಹೆಸರಿನಲ್ಲಿ ಇಂಥದ್ದನ್ನು ಮುಚ್ಚಿಡುವ ಅಧಿಕಾರ ಯಾವ ಸಭಾಪಾಲಕರಿಗೂ ಇಲ್ಲ.

ಗುಟ್ಟಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ‘ಯಾರಿಗೂ ಹೇಳುವುದಿಲ್ಲ’ ಎಂದು ಮೊದಲೇ ಮಾತು ಕೊಡಬೇಡಿರಿ. ಯಾರದಾದರೂ ಜೀವಕ್ಕೋ ಮಗುವಿಗೋ ಅಪಾಯವಿದ್ದರೆ ಸುಮ್ಮನಿರಲಾಗದು ಎಂದು ಆರಂಭದಲ್ಲೇ ತಿಳಿಸಿರಿ. ಉಳಿದುದೆಲ್ಲ ನಿಮ್ಮಲ್ಲೇ ಇರಲಿ, ಪ್ರಾರ್ಥನಾ ಕೂಟದಲ್ಲಿ ಪ್ರಾರ್ಥನೆಯ ರೂಪದಲ್ಲಿಯೂ ಹೊರಬೀಳದಿರಲಿ.

ಸಾವಿನ ಮನೆಗೆ ಹೋಗುವುದನ್ನು ಕುರಿತು ಸ್ವಲ್ಪ ವಿವರವಾಗಿ ಹೇಳಬೇಕು. ಸೇವೆಯ ಆರಂಭದಲ್ಲಿ ಮಗುವನ್ನು ಕಳೆದುಕೊಂಡ ಒಬ್ಬ ತಾಯಿಯ ಮುಂದೆ ಕುಳಿತು ನಾನು ದೇವರ ಚಿತ್ತವನ್ನು ವಿವರಿಸಿದೆ. ಆಕೆ ಮಡಿಲಲ್ಲಿದ್ದ ಪುಟ್ಟ ಅಂಗಿಯನ್ನು ಮಡಚುತ್ತಾ, ಬಿಚ್ಚುತ್ತಾ, ಮತ್ತೆ ಮಡಚುತ್ತಾ ಇದ್ದರು, ನನ್ನ ಒಂದು ಮಾತೂ ಅವರನ್ನು ಮುಟ್ಟಲಿಲ್ಲ. ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ, ಏಳು ರಾತ್ರಿ ಮಾತಿಲ್ಲದೆ ಅವನೊಂದಿಗೆ ನೆಲದ ಮೇಲೆ ಕುಳಿತರು. ಅವರು ಎಡವಿದ್ದು ಬಾಯಿ ತೆರೆದ ಮೇಲೆ. ಆದ್ದರಿಂದ ಬೇಗ ಹೋಗಿರಿ, ಕುಳಿತುಕೊಳ್ಳಿರಿ, ತೀರಿಹೋದವರ ಹೆಸರು ಹಿಡಿದು ಮಾತನಾಡಿರಿ, ಚಿಕ್ಕ ಕೀರ್ತನೆಯೊಂದನ್ನು ಓದಿ ಪ್ರಾರ್ಥಿಸಿರಿ. ಕಾರಣಗಳನ್ನು ಹೇಳಬೇಡಿರಿ. ಶವಸಂಸ್ಕಾರದ ದಿನ ಮನೆ ತುಂಬ ಜನರಿರುತ್ತಾರೆ. ನಿಮ್ಮ ಅಗತ್ಯ ಹೆಚ್ಚಾಗುವುದು ಅವರೆಲ್ಲ ಹೊರಟುಹೋದ ಮೇಲೆ. ಮೂರನೆಯ ವಾರದ ಒಂದು ದಿನವನ್ನೂ, ವರ್ಷ ತುಂಬುವ ದಿನವನ್ನೂ ಆಗಲೇ ಡೈರಿಯಲ್ಲಿ ಗುರುತು ಹಾಕಿಕೊಳ್ಳಿರಿ.

ಪ್ರಸಂಗದ ಸಿದ್ಧತೆಗೆ ವಾರದ ಮೊದಲರ್ಧದಲ್ಲೇ ಎರಡು ಬೆಳಗುಗಳನ್ನು ಕಾದಿರಿಸಿಕೊಂಡರೆ ಶನಿವಾರ ರಾತ್ರಿಯ ತಳಮಳ ತಪ್ಪುತ್ತದೆ.

ಇನ್ನು ವಿಶ್ರಾಂತಿ. ಬದುಕು ಸಾಕೆಂದು ಮರದಡಿಯಲ್ಲಿ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಬುದ್ಧಿ ಹೇಳಲಿಲ್ಲ. ಎರಡು ಸಾರಿ ತಟ್ಟಿ ಎಬ್ಬಿಸಿ ಉಣ್ಣಲು ಕೊಟ್ಟನು, ನಡುವೆ ಮಲಗಲು ಬಿಟ್ಟನು. ನಿಮ್ಮ ಮಕ್ಕಳು ನಿಮ್ಮನ್ನು ಸಭೆಯವರ ನಡುವೆ ಮಾತ್ರ ಕಾಣುವಂತಾಗಬಾರದು. ವಾರದಲ್ಲಿ ಒಂದು ದಿನವನ್ನು ಸಭೆಯ ಹಿರಿಯರ ಒಪ್ಪಿಗೆಯಿಂದ ಗೊತ್ತುಮಾಡಿ, ಆ ದಿನ ತುರ್ತು ಕರೆಗಳನ್ನು ಯಾವ ಹಿರಿಯರು ತೆಗೆದುಕೊಳ್ಳುತ್ತಾರೆ ಎಂಬುದನ್ನು ಭಾನುವಾರದ ಪ್ರಕಟಣೆಯಲ್ಲಿ ಅವರ ಹೆಸರು ಸಹಿತ ಓದಿಸಿರಿ.