ಲೆಗೋ ಪೀಸ್ ಕಳ್ದೋಯ್ತಾ? ಮೊದ್ಲು ನಂಬರ್ ಹುಡ್ಕಿ, ಆಮೇಲೆ ಪೀಸು

ಲೆಗೋ ಸೆಟ್ಟಲ್ಲಿ ಒಂದು ಪೀಸ್ ಕಾಣೆ ಆದ ತಕ್ಷಣ ಸುಮಾರು ಜನ ಗೂಗಲ್ಲಲ್ಲಿ "ಲೆಗೋ ಸಣ್ಣ ಗ್ರೇ ಪೀಸ್" ಅಂತ ಹಾಕಿ, ಬರೋ ಫೋಟೋಗಳನ್ನೆಲ್ಲ ನೋಡ್ತಾ ಕೂತ್ಕೋತಾರೆ. ಹಂಗೆ ಸಿಗಲ್ಲ ಬಿಡಿ. ನಂಬರ್ ಸಿಕ್ಕಿದ್ರೆ ಅರ್ಧ ಕೆಲ್ಸ ಮುಗೀತು.

ಈಗಿನ ಸೆಟ್ಟುಗಳ ಬುಕ್ಲೆಟ್ಟಲ್ಲಿ ಕೊನೇ ಪುಟಗಳನ್ನ ನೋಡಿ, ಪ್ರತಿ ಪೀಸಿನ ಚಿತ್ರ, ಎಷ್ಟಿರ್ಬೇಕು ಅನ್ನೋದು, ಕೆಳಗೆ ಆರೋ ಏಳೋ ಅಂಕಿ ಇರೋ ಒಂದು ನಂಬರ್ ಇರತ್ತೆ. ಅದು ಎಲಿಮೆಂಟ್ ನಂಬರ್, ಆಕಾರ ಬಣ್ಣ ಎರಡೂ ಅದ್ರಲ್ಲೇ ಬಂದ್ಬಿಡತ್ತೆ. ಬುಕ್ಲೆಟ್ ಹರ್ದೋಗಿದ್ರೆ ಡಬ್ಬಿ ಮೇಲಿರೋ ಸೆಟ್ ನಂಬರನ್ನ ಲೆಗೋ ಸೈಟಲ್ಲಿ ಹಾಕಿ, ತೀರಾ ಹಳೇದಲ್ದಿದ್ರೆ ಪಿಡಿಎಫ್ ಸಿಗತ್ತೆ. ರೀಬ್ರಿಕಬಲ್ ಸೈಟಲ್ಲಿ ಹಾಕಿದ್ರೆ ಪೀಸುಗಳ ಪೂರ್ತಿ ಪಟ್ಟಿನೇ ಬರತ್ತೆ.

ಸೆಟ್ ಯಾವ್ದು ಅಂತಾನೇ ಗೊತ್ತಿಲ್ಲ ಅಂದ್ರೆ, ಅದೇ ತರದ ಇನ್ನೊಂದು ಪೀಸ್ ತಗೊಂಡು ಉಲ್ಟಾ ಮಾಡಿ ಮೊಬೈಲ್ ಟಾರ್ಚ್ ಬಿಡಿ, ಒಳಗೆ ಸಣ್ಣಕೆ ನಂಬರ್ ಅಚ್ಚಾಗಿರತ್ತೆ. 2×4 ಬ್ರಿಕ್ (ಮೇಲೆ ಎರಡು ಸಾಲು, ಸಾಲಿಗೆ ನಾಲ್ಕು ಗುಬುಟು ಇರೋ ದಪ್ಪ ಪೀಸ್) ಆದ್ರೆ 3001, 1×2 ಬ್ರಿಕ್ 3004, 1×2 ಪ್ಲೇಟ್ (ತೆಳು ಪೀಸ್) 3023, ಹಿಂಗೆ. ಇದು ಬರೀ ಆಕಾರದ ನಂಬರು, ಬಣ್ಣ ಇದ್ರಲ್ಲಿ ಇರಲ್ಲ. ಕೆಂಪು 3001ರ ಎಲಿಮೆಂಟ್ ನಂಬರ್ 300121, ನೀಲಿದು 300123. ಪಕ್ಕದಲ್ಲಿ ಒಂದೆರಡು ಪುಟಾಣಿ ಅಂಕಿ ಬೇರೆ ಇದ್ರೆ ಅದು ಫ್ಯಾಕ್ಟರಿ ಅಚ್ಚಿನ ಗುರುತು, ತಲೆ ಕೆಡಿಸ್ಕೋಬೇಡಿ.

ಟೆಕ್ನಿಕ್ ಸೆಟ್ಟಾದ್ರೆ, ಅಂದ್ರೆ ಗೇರು ಆಕ್ಸಲ್ಲು ಇರೋ ತರದ್ದಾದ್ರೆ, ಸ್ವಲ್ಪ ಹುಷಾರು. ಪೀಸುಗಳನ್ನ ಜೋಡಿಸೋ ಪಿನ್ನುಗಳು ನೋಡೋಕೆ ಎಲ್ಲಾ ಒಂದೇ ತರ, ಆದ್ರೆ ಕಪ್ಪು 2780 ಬಿಗಿಯಾಗಿ ಕೂರೋದು, ಗ್ರೇ 3673 ಸಲೀಸಾಗಿ ತಿರುಗೋದು, ಅದಲು ಬದಲು ಆಯ್ತೋ ತಿರುಗ್ಬೇಕಾದ ಭಾಗ ಗಟ್ಟಿಯಾಗಿ ಕೂತ್ಬಿಡತ್ತೆ, ಆಮೇಲೆ ಗೇರ್ ಸರಿಯಿಲ್ಲ ಅಂತ ಪೂರ್ತಿ ಬಿಚ್ಚೋ ಗ್ರಹಚಾರ. ಆಕ್ಸಲ್ (ಗೇರ್ ಸಿಕ್ಕಿಸೋ ಕಡ್ಡಿ) ಉದ್ದನ ಸ್ಟಡ್ (ಬ್ರಿಕ್ ಮೇಲಿನ ಗುಬುಟು) ಲೆಕ್ಕದಲ್ಲಿ ಹೇಳ್ತಾರೆ, ಒಂದು ಸ್ಟಡ್ಡಿಗೆ 8 ಮಿ.ಮೀ., ಸ್ಕೇಲ್ ಇಲ್ದಿದ್ರೆ ತೂತಿರೋ ಬೀಮ್ ಪಕ್ಕ ಇಟ್ಟು ತೂತು ಎಣಿಸಿ.

ಬಣ್ಣದ್ದೇ ದೊಡ್ಡ ತಲೆನೋವು. 2004ರ ಸುಮಾರಿಗೆ ಲೆಗೋದವ್ರು ಗ್ರೇ ಬಣ್ಣನೇ ಬದಲಾಯಿಸಿದ್ರು, ಹಳೇದು ಸ್ವಲ್ಪ ಹಳದಿ ಕಡೆ, ಹೊಸದು ನೀಲಿ ಕಡೆ, ಪಕ್ಕಪಕ್ಕ ಇಟ್ರೆ ಎದ್ದು ಕಾಣತ್ತೆ. ಅದ್ರ ಮೇಲೆ ಲೆಗೋ "ಮೀಡಿಯಂ ಸ್ಟೋನ್ ಗ್ರೇ" ಅನ್ನೋದನ್ನ ಬಿಡಿ ಪೀಸ್ ಮಾರೋ ಸೈಟ್ ಬ್ರಿಕ್‌ಲಿಂಕಲ್ಲಿ "ಲೈಟ್ ಬ್ಲೂಯಿಶ್ ಗ್ರೇ" ಅಂತಾರೆ, ಇಬ್ರೂ ಒಂದು ಹೆಸ್ರು ಇಟ್ಕೊಂಡಿದ್ರೆ ಏನ್ ಹೋಗ್ತಿತ್ತೋ! ಬಿಸಿಲಿಗೆ ಹಳದಿಯಾಗಿರೋ ಬಿಳಿ ಪೀಸ್ ಪಕ್ಕ ಹೊಸ ಬಿಳಿ ಹಾಕಿದ್ರೂ ತೇಪೆ ಹಾಕಿದ ಹಾಗೇ ಕಾಣೋದು. ಅದಕ್ಕೆ ನಾನು ಮಾಡೋದೇನಂದ್ರೆ ಮಾಡೆಲ್ ಒಳಗಡೆ ಕಾಣದ ಜಾಗದಲ್ಲಿರೋ ಅದೇ ಪೀಸನ್ನ ತೆಗ್ದು ಹೊರಗೆ ಹಾಕಿ, ಹೊಸದನ್ನ ಒಳಗೆ ತುಂಬೋದು. ಒಳಗಡೆ ಯಾವ ಬಣ್ಣ ಇದ್ರೇನು. ಅಲ್ಲಿ ಬ್ರಿಕ್ಕೇ ಬೇಕು ಅಂತಾನೂ ಇಲ್ಲ, ಮೂರು ಪ್ಲೇಟ್ ಒಂದರ ಮೇಲೊಂದು ಇಟ್ರೆ ಸರಿಯಾಗಿ ಒಂದು ಬ್ರಿಕ್ಕಿನ ಎತ್ತರ, 9.6 ಮಿ.ಮೀ.

ಇನ್ನು ತರಿಸೋದು. ಹೊಸ ಡಬ್ಬಿಯಲ್ಲೇ ಪೀಸ್ ಕಮ್ಮಿ ಬಂದಿದ್ರೆ ದುಡ್ಡು ಕೊಟ್ಟು ತಗೋಬೇಡಿ, ಮೊದ್ಲು ಲೆಗೋ ಕಸ್ಟಮರ್ ಸರ್ವೀಸಿಗೆ ಸೆಟ್ ನಂಬರ್, ಎಲಿಮೆಂಟ್ ನಂಬರ್ ಬರ್ದು ಕೇಳಿ. ನಾವೇ ಕಳ್ಕೊಂಡಿದ್ರೆ ಬ್ರಿಕ್‌ಲಿಂಕ್, 2019ರಲ್ಲಿ ಲೆಗೋದವ್ರೇ ಕೊಂಡ್ಕೊಂಡ ಸೈಟ್ ಅದು. ಅಲ್ಲಿ ಮಾರೋರು ಯಾವ ದೇಶದವ್ರು ಅಂತ ಮೊದ್ಲು ನೋಡ್ಕೊಳ್ಳಿ, ಹೊರದೇಶದಿಂದ ಬಂದ್ರೆ ಪೀಸಿನ ರೇಟಿಗಿಂತ ಶಿಪ್ಪಿಂಗೇ ಜಾಸ್ತಿ, ಮೇಲೆ ಕಸ್ಟಮ್ಸ್ ಬೇರೆ. ಒಂದೊಂದೇ ತರಿಸ್ಬೇಡಿ, ಬೇಕಾಗಿರೋದನ್ನೆಲ್ಲ ವಾಂಟೆಡ್ ಲಿಸ್ಟಿಗೆ ಹಾಕ್ತಾ ಹೋಗಿ, ಒಬ್ಬನ ಹತ್ರನೇ ಜಾಸ್ತಿ ಪೀಸು ಸಿಕ್ಕಾಗ ಒಟ್ಟಿಗೆ ಆರ್ಡರ್ ಮಾಡಿ, ಪಿನ್ನು ಆಕ್ಸಲ್ಲು ಒಂದೆರಡು ಜಾಸ್ತಿನೇ ಹಾಕಿ.