ಪದ್ಮಿನಿ ಸೀಟಿನ ಹಳೇ ರೆಕ್ಸಿನ್ ಉಳಿಸಿಕೊಳ್ಳುವ ಬಗೆ

ಹಳೇ ಪ್ರೀಮಿಯರ್ ಪದ್ಮಿನಿ ಕಾರಿನ ಸೀಟಲ್ಲಿ ಬಹಳ ಸಲ ಮೊದಲು ಸೋಲುವುದು ರೆಕ್ಸಿನ್ ಅಲ್ಲ, ಹೊಲಿಗೆಯ ದಾರ. ಹೊಸ ಕವರ್ ಹೊಲಿಸುವ ಮುನ್ನ ಅಂಚು ಬಿಡಿಸಿ ನೋಡಿ. ಕವರನ್ನು ಅರ್ಧ ಗಂಟೆ ಎಳೆಬಿಸಿಲಿಗಿಟ್ಟರೆ ಮೆತ್ತಗಾಗುತ್ತದೆ. ತಣ್ಣಗಿದ್ದಾಗ ಎಳೆದರೆ ಬಿರುಕು ಬಿಡುತ್ತದೆ. ಲಡ್ಡಾದ ದಾರದ ತುಣುಕುಗಳನ್ನು ಚಿಮಟದಿಂದ ಕಿತ್ತು, ದಪ್ಪ ಪಾಲಿಯೆಸ್ಟರ್ ದಾರದಿಂದ ಹಳೇ ತೂತುಗಳಲ್ಲೇ ಕೈಹೊಲಿಗೆ ಹಾಕಿ. ಮಿಷಿನ್ನಿಗೆ ಕೊಟ್ಟಿರೋ, ಹೊಸ ತೂತುಗಳೂ ಸೇರಿ ಅಂಚೆಚೀಟಿಯ ಅಂಚಿನಂತಾಗಿ, ಭಾರ ಬಿದ್ದಾಗ ಉದ್ದಕ್ಕೂ ಹರಿಯುತ್ತದೆ.

ನಡುವೆ ಹರಿದಿದ್ದರೆ, ಹರಕಿನ ಸುತ್ತ 3 ಸೆಂ.ಮೀ. ಹೆಚ್ಚಿಗೆ ಬರುವಂತೆ ಹತ್ತಿಯ ಕ್ಯಾನ್ವಾಸ್ ತೇಪೆಯನ್ನು ಒಳಮೈಗೆ ಅಂಟಿಸಿ, ಮೇಲೆ ಹಲಗೆ ಹೇರಿ 24 ಗಂಟೆ ಬಿಡಿ. ಒಣಗಿದ ಮೇಲೂ ಬಳುಕುವ ವಿನೈಲ್ ಗಮ್ಮೇ ಬೇಕು. ಕ್ಷಣದಲ್ಲಿ ಹಿಡಿಯುವ ಅಂಟು ಕಲ್ಲಾಗಿ, ಪಕ್ಕದಲ್ಲೇ ಸೀಳುತ್ತದೆ. ಕವರ್ ತೊಡಿಸುವ ಮೊದಲು ಸ್ಪ್ರಿಂಗಿನ ಮೇಲೆ ಹೊಸ ಗೋಣಿತಟ್ಟು ಹಾಸಿ.