ಬಾರ್ಬರಾ ಸ್ಟಾನ್‌ವಿಕ್ ಅವರ ನಾಲ್ಕು ಚಿತ್ರಗಳು: ಪ್ರದರ್ಶನ ಮಾಲೆಯೊಂದನ್ನು ರೂಪಿಸಿದ ನನ್ನ ಅನುಭವ

ಹಾಲಿವುಡ್‌ನ ಹಳೆಯ ತಾರೆಯರನ್ನು ಗೌರವಿಸುವ ಕಾರ್ಯಕ್ರಮಗಳು ಭಾವಚಿತ್ರ, ಪ್ರಶಸ್ತಿ ಮತ್ತು ಪ್ರೇಮಕಥೆಗಳ ವಿವರದಲ್ಲೇ ಮುಗಿದುಹೋಗುವುದುಂಟು. ನಮ್ಮ ಚಿತ್ರಸಮಾಜದಲ್ಲಿ ಅಂಥದೊಂದು ಮಾಲೆಯ ಹೊಣೆ ನನ್ನ ಪಾಲಿಗೆ ಬಂದಾಗ, ಒಬ್ಬರೇ ಕಲಾವಿದರನ್ನು ಆರಿಸಿಕೊಂಡು ಅವರ ನಟನೆಯನ್ನು ಚಿತ್ರದಿಂದ ಚಿತ್ರಕ್ಕೆ ಹೋಲಿಸಿ ನೋಡುವ ಅವಕಾಶ ಕಲ್ಪಿಸಬೇಕೆಂದು ನಿರ್ಧರಿಸಿದೆ. ಆಯ್ಕೆ ಬಾರ್ಬರಾ ಸ್ಟಾನ್‌ವಿಕ್ ಅವರದು. 1907ರಲ್ಲಿ ಬ್ರೂಕ್ಲಿನ್‌ನಲ್ಲಿ ರೂಬಿ ಸ್ಟೀವನ್ಸ್ ಆಗಿ ಹುಟ್ಟಿ, ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡು, ಹದಿಹರೆಯದಲ್ಲಿ ನ್ಯೂಯಾರ್ಕಿನ ನೃತ್ಯತಂಡಗಳಲ್ಲಿ ಕುಣಿದು ಸಿನಿಮಾಕ್ಕೆ ಬಂದ ಇವರು ನಾಲ್ಕು ಬಾರಿ ಆಸ್ಕರ್‌ಗೆ ನಾಮನಿರ್ದೇಶನಗೊಂಡರೂ ಒಮ್ಮೆಯೂ ಗೆಲ್ಲಲಿಲ್ಲ. ಗೌರವ ಆಸ್ಕರ್ ದೊರೆತದ್ದು 1982ರಲ್ಲಿ.

ಚಿತ್ರಗಳನ್ನು ಬಿಡುಗಡೆಯ ವರ್ಷದ ಕ್ರಮದಲ್ಲಿ ತೋರಿಸಲಿಲ್ಲ. ಪಂಢರಿಬಾಯಿ ಅವರ ತಾಯಿ ಪಾತ್ರಗಳನ್ನು ಕಂಡು ಬೆಳೆದ ನಮ್ಮ ಪ್ರೇಕ್ಷಕರು 1937ರ ‘ಸ್ಟೆಲ್ಲಾ ಡಲ್ಲಾಸ್’ ಅನ್ನು ಮೊದಲೇ ನೋಡಿಬಿಟ್ಟರೆ ಸ್ಟಾನ್‌ವಿಕ್ ಅವರನ್ನು ತ್ಯಾಗಮಯಿ ತಾಯಿಯೆಂದೇ ಗುರುತಿಸಿ, ಉಳಿದದ್ದನ್ನೆಲ್ಲ ಆ ಕಣ್ಣಿನಿಂದಲೇ ಅಳೆಯುತ್ತಿದ್ದರು. ಆದ್ದರಿಂದ ಮೊದಲಿಗೆ 1941ರ ಹಾಸ್ಯಚಿತ್ರ ‘ದಿ ಲೇಡಿ ಈವ್’, ಬಳಿಕ 1944ರ ‘ಡಬಲ್ ಇಂಡೆಮ್ನಿಟಿ’, ಮೂರನೆಯದಾಗಿ 1933ರ ‘ಬೇಬಿ ಫೇಸ್’, ಕೊನೆಗೆ ‘ಸ್ಟೆಲ್ಲಾ’ ಎಂದು ಜೋಡಿಸಿದೆ.

ಪ್ರತಿ ಪ್ರದರ್ಶನಕ್ಕೂ ಮುನ್ನ ಒಂದೇ ಒಂದು ದೃಶ್ಯದ ಕಡೆಗೆ ಗಮನ ಸೆಳೆಯುತ್ತಿದ್ದೆ. ‘ದಿ ಲೇಡಿ ಈವ್’ನಲ್ಲಿ ಹಡಗಿನ ಊಟದ ಕೋಣೆಯಲ್ಲಿ ಕುಳಿತ ನಾಯಕಿ, ಪುಟ್ಟ ಕೈಗನ್ನಡಿಯಲ್ಲಿ ಹೆನ್ರಿ ಫೋಂಡಾರ ಪಾತ್ರವನ್ನೂ ಅವನ ಗಮನ ಸೆಳೆಯಲು ಹೆಣಗುವ ಹೆಂಗಸರನ್ನೂ ನೋಡುತ್ತ ವೀಕ್ಷಕ ವಿವರಣೆ ಕೊಡುತ್ತಾಳೆ; ಆಕೆಯ ಮಾತಿನ ಲಯವೇ ಇಡೀ ದೃಶ್ಯವನ್ನು ನಡೆಸುತ್ತದೆ. ‘ಡಬಲ್ ಇಂಡೆಮ್ನಿಟಿ’ಯಲ್ಲಿ ಇದಕ್ಕೆ ತದ್ವಿರುದ್ಧ. ಕಾರು ನಡೆಸುತ್ತಿರುವ ಆಕೆ ಮೂರು ಬಾರಿ ಹಾರ್ನ್ ಮಾಡುತ್ತಾಳೆ, ಆ ಸನ್ನೆಗೆ ಹಿಂದಿನ ಸೀಟಿನಲ್ಲಿ ಅಡಗಿದ್ದ ಆಕೆಯ ಪ್ರಿಯಕರ ಪಕ್ಕದಲ್ಲಿ ಕುಳಿತ ಗಂಡನನ್ನು ಕೊಲ್ಲುತ್ತಾನೆ. ಆದರೆ ನಿರ್ದೇಶಕ ಬಿಲ್ಲಿ ವೈಲ್ಡರ್ ಕೊಲೆಯನ್ನು ತೋರಿಸದೆ ಆಕೆಯ ಮುಖವನ್ನಷ್ಟೇ ತೋರಿಸುತ್ತಾರೆ. ಮಾತಿಲ್ಲ, ಕಣ್ಣೆತ್ತಿ ಪಕ್ಕಕ್ಕೆ ನೋಡುವುದೂ ಇಲ್ಲ. ಹಳೆಯ ಹಾಲಿವುಡ್‌ನಲ್ಲಿ ಇದಕ್ಕಿಂತ ಧೈರ್ಯದ ಸಮೀಪ ಚಿತ್ರಿಕೆ ನನಗೆ ಕಂಡಿಲ್ಲ.

‘ಬೇಬಿ ಫೇಸ್’ ವಿಷಯದಲ್ಲಿ ಯಾವ ಪ್ರತಿ ಎಂಬುದೇ ಮುಖ್ಯ. ಬ್ಯಾಂಕೊಂದರಲ್ಲಿ ಕೆಲಸಕ್ಕೆ ಸೇರಿದ ಬಡ ಹುಡುಗಿಯೊಬ್ಬಳು ಗಂಡಸರನ್ನು ಬಳಸಿಕೊಂಡು ಮೇಲೇರುವ ಕಥೆಯಿದು. ಆಕೆ ಏರಿದಂತೆಲ್ಲ ಕ್ಯಾಮೆರಾ ಕಟ್ಟಡದ ಹೊರಗೋಡೆಯುದ್ದಕ್ಕೂ ಮಹಡಿಯಿಂದ ಮಹಡಿಗೆ ಏರುತ್ತದೆ. ಸೆನ್ಸಾರ್‌ನ ಒತ್ತಾಯಕ್ಕೆ ಮಣಿದು ಚಿತ್ರಕ್ಕೆ ಕತ್ತರಿ ಹಾಕಿದ್ದಲ್ಲದೆ, ಗಂಡಸರನ್ನು ಬಳಸಿಕೋ ಎಂದು ಜರ್ಮನ್ ತತ್ವಜ್ಞಾನಿ ನೀತ್ಶೆಯ ಪುಸ್ತಕ ಹಿಡಿದು ಬೋಧಿಸುವ ಮುದುಕನ ಬಾಯಲ್ಲಿ ನೀತಿಮಾರ್ಗದ ಉಪದೇಶವನ್ನು ತುರುಕಲಾಯಿತು. ಮೂಲ ರೂಪ ಪತ್ತೆಯಾದದ್ದು 2004ರಲ್ಲಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಸಂಗ್ರಹದಲ್ಲಿ. ಮೂಲ ರೂಪವೇ ಬೇಕೆಂದು ಕೇಳಿ ಪಡೆಯಿರಿ, ಬಂದ ಮೇಲೆ ಆ ಮುದುಕನ ಮಾತನ್ನು ಹಾಕಿ ನೋಡಿ ಖಾತರಿಪಡಿಸಿಕೊಳ್ಳಿ. ಹಕ್ಕುಗಳ ವಿಚಾರದಲ್ಲೂ ಒಂದು ಸಂಗತಿ ತಿಳಿದಿರಬೇಕು: ನಮ್ಮ ಮೊದಲೆರಡು ಚಿತ್ರಗಳನ್ನು ನಿರ್ಮಿಸಿದ್ದು ಪ್ಯಾರಾಮೌಂಟ್ ಆದರೂ ಆ ಕಾಲದ ಅದರ ಸಂಗ್ರಹದ ಬಹುಪಾಲು ಈಗ ಯೂನಿವರ್ಸಲ್ ಬಳಿಯಿದೆ, ಆದ್ದರಿಂದ ಸಾರ್ವಜನಿಕ ಪ್ರದರ್ಶನದ ಅನುಮತಿಯನ್ನು ಅಲ್ಲಿಂದಲೇ ಕೇಳಬೇಕಾಗುತ್ತದೆ.

ಈ ಚಿತ್ರಗಳ ಚೌಕಟ್ಟಿನ ಅನುಪಾತ 1.37:1, ಅಂದರೆ ಹೆಚ್ಚುಕಡಿಮೆ ಚೌಕ. ಇಂದಿನ ಪ್ರೊಜೆಕ್ಟರುಗಳನ್ನು ಅಗಲ ಪರದೆಗೆ ಹೊಂದಿಸಿರುತ್ತಾರೆ. ಹಾಗೆಯೇ ಬಿಟ್ಟರೆ ಮುಖಗಳು ಅಡ್ಡಕ್ಕೆ ಹಿಗ್ಗುತ್ತವೆ, ಇಲ್ಲವೇ ತಲೆಯ ಮೇಲ್ಭಾಗ ಕತ್ತರಿಸಿಹೋಗುತ್ತದೆ. ನಾವು ಮೂಲ ಅನುಪಾತವನ್ನೇ ಉಳಿಸಿಕೊಂಡು, ಖಾಲಿ ಉಳಿದ ಎರಡೂ ಬದಿಗೆ ಕಪ್ಪು ಬಟ್ಟೆ ಇಳಿಬಿಟ್ಟೆವು. ವೇಗದ ಇಂಗ್ಲಿಷ್ ಸಂಭಾಷಣೆ ಹಲವರಿಗೆ ಕಷ್ಟವಾದೀತೆಂದು ಇಂಗ್ಲಿಷ್ ಅಡಿಬರಹದ ಜೊತೆಗೆ ಕಥೆಯ ಮೊದಲರ್ಧವನ್ನಷ್ಟೇ ತಿಳಿಸುವ ಒಂದು ಪುಟದ ಕನ್ನಡ ಟಿಪ್ಪಣಿಯನ್ನೂ ಬಾಗಿಲಲ್ಲೇ ಹಂಚಿದೆವು.

‘ಸ್ಟೆಲ್ಲಾ ಡಲ್ಲಾಸ್’ ಕೊನೆಗೆ ಬಂದದ್ದರ ಫಲ ಸ್ಪಷ್ಟವಾಗಿ ಕಂಡಿತು. ಮಗಳ ಒಳಿತಿಗಾಗಿ ತಾನೇ ದೂರ ಸರಿದು, ಆಕೆಯ ಮದುವೆಯನ್ನು ಮಳೆಯಲ್ಲಿ ನಿಂತು ಕಿಟಕಿಯಾಚೆಯಿಂದ ನೋಡುವ ಸ್ಟೆಲ್ಲಾಳನ್ನು ಪೊಲೀಸನೊಬ್ಬ ಮುಂದೆ ಹೋಗೆನ್ನುತ್ತಾನೆ. ಆಕೆ ಅಂಗಲಾಚಿ ಇನ್ನೊಂದು ಕ್ಷಣ ನಿಂತು, ಆಮೇಲೆ ಕಣ್ಣೀರಿನಲ್ಲೇ ನಗುತ್ತ ಕ್ಯಾಮೆರಾದತ್ತ ದಾಪುಗಾಲು ಹಾಕುತ್ತಾಳೆ. ಸೋತ ತಾಯಿಯ ನಡಿಗೆಯಿದು ಎಂದು ಕೆಲವರು ವಾದಿಸಿದರು. ಮೊದಲ ಮೂರು ಚಿತ್ರಗಳನ್ನು ನೋಡಿದ್ದ ಹಿರಿಯರೊಬ್ಬರು ಒಪ್ಪಲಿಲ್ಲ. ಬೇಕಾದದ್ದನ್ನು ಲೆಕ್ಕ ಹಾಕಿ ಸಾಧಿಸುವ ಅದೇ ಹೆಣ್ಣು ಇಲ್ಲಿಯೂ ಇದ್ದಾಳೆ, ಈ ಬಾರಿ ಮಗಳಿಗಾಗಿ ಸಾಧಿಸಿದ್ದಾಳೆ, ಹೆಜ್ಜೆಯ ವೇಗ ನೋಡಿ ಎಂದರು. ಕೊನೆಯ ಭಾಗವನ್ನು ಮತ್ತೊಮ್ಮೆ ಹಾಕಿಸಿ, ಚರ್ಚೆಯನ್ನು ಅಲ್ಲಿಂದ ಮುಂದುವರಿಸಿದೆವು.